ಮೊದಲು ಸ್ಕಾಲರ್‌ಶಿಪ್ಪಿನ ಕಾಗದ ಓದ್ರಿ

(ತಿಕೋಟಾದಲ್ಲಿ ನಡೆದ ವಿದ್ಯಾರ್ಥಿ-ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದ್ರಾಕ್ಷಿ ತೋಟದ ಕೆಲಸ ಬಿಟ್ಟು, ಕೂಲಿ ಬಿಟ್ಟು ಬಂದೀರಿ. ಹಿಂಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ. ವಿದೇಶದಲ್ಲಿ ಓದಬೇಕು ಅನ್ನೋ ಮಕ್ಕಳು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಸರ್, ಯಾವ ಯೂನಿವರ್ಸಿಟಿ ಚಲೋ?" ನಾನು ತಿರುಗಿ ಕೇಳುವುದೂ ಒಂದೇ: "ರೊಕ್ಕ ಯಾರು ಕೊಡತಾರ? ಎಷ್ಟು ದಿವಸ ಕೊಡತಾರ?"

ಹೀಗೆ ಕೇಳಲು ಕಾರಣ ಐತಿ. ಬಬಲೇಶ್ವರ ಕಡೆಯ ಒಬ್ಬ ತಂದೆ ಒಮ್ಮೆ ಒಂದು ಕಾಗದ ಹಿಡಿದು ಬಂದರು. ಮಗನಿಗೆ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕದ, ಜೊತೆಗೆ ಸ್ಕಾಲರ್‌ಶಿಪ್ಪೂ ಸಿಕ್ಕದ, ಸೋಮವಾರದೊಳಗ ಮುಂಗಡ ಕಟ್ಟಬೇಕಂತ ಏಜೆಂಟ್ ಹೇಳ್ಯಾನ ಅಂದರು. ಹೊಲ ಅಡ ಇಡಲು ಮಾತುಕತೆಯೂ ಆಗಿತ್ತು. ಕಾಗದ ಓದಿ ನೋಡಿದರೆ ವರ್ಷದ ಫೀ 18 ಸಾವಿರ ಪೌಂಡ್, ಸ್ಕಾಲರ್‌ಶಿಪ್ 3 ಸಾವಿರ. ಉಳಿದ 15 ಸಾವಿರ ಮನೆಯವರೇ ಕಟ್ಟಬೇಕು. ಪೌಂಡಿಗೆ 115 ರೂಪಾಯಿ ಹಿಡಿದರೂ 17 ಲಕ್ಷ ದಾಟತದ. ಊಟ, ಬಾಡಿಗೆ, ವಿಮಾನದ ಟಿಕೆಟ್ ಬೇರೆ. ಅದು ಸ್ಕಾಲರ್‌ಶಿಪ್ ಅಲ್ಲರಿ, ಅಂಗಡಿಯವರು ಬಿಡುವ ರಿಯಾಯಿತಿ. ಆ ತಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಹಂಗಾದ್ರ ನಮ್ಮ ಹುಡುಗ ಹೋಗೂದ ಬ್ಯಾಡೇನ್ರಿ?" ಅಂದರು. ಹೋಗಲಿ, ಆದರೆ ಈ ದಾರಿಯಿಂದ ಬೇಡ ಅಂದೆ.

ಹಾಗಾದರೆ ಯಾವ ದಾರಿ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಒಂದು. ಇದರಲ್ಲಿ 125 ಸ್ಥಾನ. ಪರಿಶಿಷ್ಟ ಜಾತಿಗೆ 115, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳಿಗೆ 6, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ 4. ಶೇಕಡಾ 30 ಹೆಣ್ಣುಮಕ್ಕಳಿಗೆ. ವಯಸ್ಸು 35ರ ಒಳಗೆ, ಕುಟುಂಬದ ಆದಾಯ 8 ಲಕ್ಷದ ಒಳಗೆ, ಹಿಂದಿನ ಪರೀಕ್ಷೆಯಲ್ಲಿ ಶೇಕಡಾ 60 ಅಂಕ. ಎಂ.ಎ., ಎಂ.ಎಸ್‌ಸಿ. ತರಹದ ಓದಿಗೆ ಮತ್ತು ಪಿಎಚ್.ಡಿ.ಗೆ ಮಾತ್ರ, ಬಿ.ಎ., ಬಿ.ಇ. ಓದಲು ಇಲ್ಲ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ ಬೇರೆ ಯೋಜನೆ ಇದೆ, ಅದರಲ್ಲಿ 20 ಸ್ಥಾನ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯ ಪ್ರಕಟಣೆಯನ್ನೂ ನೋಡುತ್ತಿರಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುವುದು ಸಾಲ. ಬಡ್ಡಿ ಇಲ್ಲ ನಿಜ, ಆದರೆ ತಿರುಗಿ ಕಟ್ಟುವ ಸಾಲ ಅನ್ನೋದು ಮರೀಬ್ಯಾಡ್ರಿ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಕ್ರೈಸ್ತರಾದ ದಲಿತ ಕುಟುಂಬದ ಮಕ್ಕಳಿಗೆ 1950ರ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಿಗುವುದಿಲ್ಲ. ಕರ್ನಾಟಕದಲ್ಲಿ ಅವರು ಪ್ರವರ್ಗ-1ರಲ್ಲಿ ಬರುತ್ತಾರೆ. ಅಂಥವರು 115ರ ಆಸೆಯಲ್ಲಿ ವರ್ಷ ಕಳೆಯದೆ ಬೇರೆ ಬಾಗಿಲು ಬಡಿಯುವುದು ಲೇಸು.

ಈಗ ಯೂನಿವರ್ಸಿಟಿ ವಿಷಯ. ಕೇಂದ್ರದ ಈ ವೇತನಕ್ಕೆ ಕ್ಯೂಎಸ್ ಎಂಬ ಜಾಗತಿಕ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯ ಬೇಕು, ಅಲ್ಲಿಂದ ಶರತ್ತಿಲ್ಲದ ಪ್ರವೇಶ ಪತ್ರವೂ ಬೇಕು. "ಇಂಗ್ಲಿಷ್ ಪರೀಕ್ಷೆ ಪಾಸಾದರೆ ಸೀಟು" ಅಂತ ಬರೆದಿದ್ದರೆ ಅದು ಶರತ್ತಿನ ಪತ್ರ. ಅಂದರೆ ಇಂಗ್ಲಿಷ್ ಪರೀಕ್ಷೆ ಮೊದಲೇ ಮುಗಿಸಿರಬೇಕು. 2022ರಿಂದ ಇನ್ನೊಂದು ನಿಯಮ ಬಂದಿದೆ: ಭಾರತದ ಇತಿಹಾಸ, ಸಂಸ್ಕೃತಿ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಈ ವೇತನ ಇಲ್ಲ. ನನಗೆ ಈ ನಿಯಮ ಸರಿ ಕಾಣುವುದಿಲ್ಲ. ಆದರೆ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮಾಡಿ ಆದಿಲಶಾಹಿ ಮೇಲೆ ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಬೇಕು ಅನ್ನುವ ಹುಡುಗಿಗೆ ಇದನ್ನು ಇವತ್ತೇ ಹೇಳದಿದ್ದರೆ ನಾನು ಆಕೆಗೆ ಮೋಸ ಮಾಡಿದಂತೆ.

ಎಷ್ಟು ದಿವಸ ಅನ್ನೋ ಪ್ರಶ್ನೆಗೆ ಬಾಬಾಸಾಹೇಬರಿಗಿಂತ ದೊಡ್ಡ ಉದಾಹರಣೆ ಬೇಕೇ? 1913ರಲ್ಲಿ ಬಡೋದೆಯ ಸಯಾಜಿರಾವ್ ಮಹಾರಾಜರು ಕೊಟ್ಟ ವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡ್, ಅವಧಿ ಮೂರು ವರ್ಷ. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ನೌಕರಿ ಮಾಡಬೇಕೆಂದು ಕರಾರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರದ ಸೆಲಿಗ್ಮನ್ ಅವರಂಥ ಗುರುಗಳು ಸಿಕ್ಕರು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಲಂಡನ್ನಿಗೆ ಹೋದರು, ಅಲ್ಲಿ ಓದು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ವೇತನದ ಅವಧಿ ಮುಗಿಯಿತು. 1917ರಲ್ಲಿ ತಿರುಗಿ ಬರಬೇಕಾಯಿತು. ಪುಸ್ತಕಗಳನ್ನು ಬೇರೆ ಹಡಗಿನಲ್ಲಿ ಕಳಿಸಿದ್ದರು, ಯುದ್ಧದ ಕಾಲ, ಆ ಹಡಗೂ ಮುಳುಗಿತು. ಉಳಿಸಿದ ದುಡ್ಡು, ನಮ್ಮ ನೆರೆಯ ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಒಬ್ಬ ಪಾರ್ಸಿ ಗೆಳೆಯರ ಸಾಲ ಕೂಡಿಸಿಕೊಂಡು ಮತ್ತೆ ಲಂಡನ್ ಸೇರಿದ್ದು 1920ರಲ್ಲಿ. ಅಂಥ ಬುದ್ಧಿವಂತರಿಗೇ ದುಡ್ಡಿನ ಗಡುವು ಓದನ್ನು ತಡೆಯಿತು. ಅದಕ್ಕೇ ಕೋರ್ಸಿನ ಅವಧಿ, ವೇತನದ ಅವಧಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ರಿ. ಕೇಂದ್ರದ ವೇತನ ಪಿಎಚ್.ಡಿ.ಗೆ ನಾಲ್ಕು ವರ್ಷ ಮಾತ್ರ. ಸಾಮಾನ್ಯವಾಗಿ ಐದಾರು ವರ್ಷ ಹಿಡಿಯುವ ಅಮೆರಿಕದ ಪಿಎಚ್.ಡಿ. ಆರಿಸಿದರೆ ಕೊನೆಯ ವರ್ಷಗಳ ಖರ್ಚು ಆ ವಿಶ್ವವಿದ್ಯಾಲಯವೇ ಕೊಡುತ್ತದೆಯೇ ಎಂದು ಮೊದಲೇ ಬರೆದು ಕೇಳಬೇಕು.

ಊರನ್ನೂ ನೋಡಬೇಕು. ಇಂಗ್ಲೆಂಡಿಗೆ ಹೋದವರಿಗೆ ಈ ವೇತನದಲ್ಲಿ ಜೀವನ ಖರ್ಚಿಗೆ ವರ್ಷಕ್ಕೆ 9,900 ಪೌಂಡ್, ತಿಂಗಳಿಗೆ 825. ಲಂಡನ್ ಆದರೂ ಅಷ್ಟೇ, ಲೀಡ್ಸ್, ಶೆಫೀಲ್ಡ್ ಆದರೂ ಅಷ್ಟೇ. ಲಂಡನ್ನಿನಲ್ಲಿ ಒಂದು ಖೋಲಿಯ ಬಾಡಿಗೆಗೇ ಅದರ ಬಹುಪಾಲು ಹೋಗತದ. ತಿಕೋಟಾದ ಬಾಡಿಗೆ ಬೇರೆ, ಬೆಂಗಳೂರಿನ ಬಾಡಿಗೆ ಬೇರೆ, ನಿಮಗ ಗೊತ್ತಿದ್ದದ್ದೇ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋಧನಾ ಶುಲ್ಕವೇ ಇಲ್ಲ. ಹಾಗಂತ ಪುಕ್ಕಟೆ ಅಲ್ಲ. ವೇತನ ಇಲ್ಲದೆ ಹೋಗುವವರು ವೀಸಾಕ್ಕಾಗಿ ವರ್ಷದ ಖರ್ಚು 11,904 ಯೂರೋ ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. ಬ್ರಿಟನ್ನಿನ ಚೆವೆನಿಂಗ್ ವೇತನ ಒಂದು ವರ್ಷದ ಸ್ನಾತಕೋತ್ತರ ಓದಿಗೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿ ಬಂದು ಎರಡು ವರ್ಷ ಸ್ವದೇಶದಲ್ಲಿ ಇರಬೇಕು.

ಕಾಗದಪತ್ರಕ್ಕೆ ಹೆಚ್ಚು ಹೊತ್ತು ತಗೊಳ್ಳೂದಿಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಈಗ ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಆಗ್ಯಾವ, ವಿಜಯಪುರಕ್ಕೆ ಓಡಾಡುವುದು ಕಡಿಮೆ ಆಗಿದೆ. ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟ್‌ಗೆ ಮಾತ್ರ ನಿಮ್ಮ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಬೇಕು, ತಡ ಆಗತದ. ಎಲ್ಲ ಕಾಗದದಲ್ಲೂ ಹೆಸರು, ಅಡ್ಡಹೆಸರು ಒಂದೇ ರೀತಿ ಇರಲಿ.

ಒಂದೇ ವೇತನ ನಂಬಿ ಕೂಡಬ್ಯಾಡ್ರಿ. 2025ರ ಜುಲೈಯಲ್ಲಿ ಕೇಂದ್ರದ ವೇತನಕ್ಕೆ 106 ಜನ ಆಯ್ಕೆಯಾದರು. ಮೊದಲು ಪತ್ರ ಸಿಕ್ಕಿದ್ದು 40 ಜನರಿಗೆ. ಉಳಿದ 66 ಜನರಿಗೆ ಹಣ ಒದಗಿದರೆ ಕೊಡುತ್ತೇವೆ ಅಂದರು. ಸೆಪ್ಟೆಂಬರಿಗೆ ತರಗತಿ ಶುರು! ಆಯ್ಕೆ ಪಟ್ಟಿ ಬೇರೆ, ಕೈಗೆ ಬಂದ ಮಂಜೂರಾತಿ ಪತ್ರ ಬೇರೆ. ಪತ್ರ ಬರುವವರೆಗೆ ಕೆಲಸ ಬಿಡಬೇಡಿ, ಟಿಕೆಟ್ ತೆಗೆಸಬೇಡಿ.

ಸಭೆ ಮುಗಿಯುವ ಹೊತ್ತಿಗೆ ಒಬ್ಬ ತಂಗಿ ಎದ್ದು ಕೇಳಿದಳು: "ಎರಡು ಕಡೆ ಸೀಟು ಸಿಕ್ಕರ ದೊಡ್ಡ ಹೆಸರಿಂದು ತಗೊಳ್ಳಲೇನ್ರಿ, ನನ್ನ ವಿಷಯದ ಪ್ರೊಫೆಸರ್ ನನ್ನ ಪತ್ರಕ್ಕೆ ಉತ್ತರ ಬರದಾರಲ್ಲ, ಆ ಕಡೆ ಹೋಗಲೇನ್ರಿ?" ಎರಡೂ 500ರ ಪಟ್ಟಿಯೊಳಗೆ ಇದ್ದರೆ, ವೇತನದ ಅವಧಿಯಲ್ಲೇ ಓದು ಮುಗಿಯುವಂತಿದ್ದರೆ, ಉತ್ತರ ಬರೆದ ಪ್ರೊಫೆಸರ್ ಕಡೆ ಹೋಗವ್ವ ಅಂದೆ. ಆಕೆಯ ಅಪ್ಪ ಹಿಂದಿನಿಂದ, "ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನ್ರಿ?" ಅಂದರು. ಹಿಟ್ಟು ಕಟ್ಟಿ ಕಳಿಸ್ರಿ ಅಂತ ಹೇಳಿದೆ.