ಚರ್ಚಿನ ಬಾಗಿಲಲ್ಲಿ ಹೊಸಬರು

ಅಮೆರಿಕದಲ್ಲಿ ಚರ್ಚುಗಳು ಜನರನ್ನು ಹುಡುಕಿಕೊಂಡು ಹೋಗಲೇಬೇಕಾಯಿತು. ಅಧಿಕೃತ ಧರ್ಮವೊಂದನ್ನು ಸ್ಥಾಪಿಸುವ ಅಧಿಕಾರ ಒಕ್ಕೂಟ ಸರ್ಕಾರಕ್ಕೆ ಇಲ್ಲವೆಂದು 1791ರ ಮೊದಲ ಸಂವಿಧಾನ ತಿದ್ದುಪಡಿ ವಿಧಿಸಿತು. ತೆರಿಗೆ ಹಣದಿಂದ ಚರ್ಚನ್ನು ಸಾಕುವ ಪದ್ಧತಿಯನ್ನು ಎಲ್ಲರಿಗಿಂತ ಕೊನೆಗೆ ಕೈಬಿಟ್ಟ ರಾಜ್ಯ ಮ್ಯಾಸಚೂಸೆಟ್ಸ್, 1833ರಲ್ಲಿ. ಅಲ್ಲಿಂದಾಚೆಗೆ ಪಾದ್ರಿಯ ಸಂಬಳ, ಕಟ್ಟಡದ ಸುಣ್ಣಬಣ್ಣ, ಭಾನುವಾರದ ಶಾಲೆ ಎಲ್ಲವೂ ಬಂದವರ ಕಾಣಿಕೆಯಿಂದಲೇ ನಡೆಯಬೇಕಾಯಿತು. ಬಾರದವರನ್ನು ಬರಮಾಡಿಕೊಳ್ಳುವುದು ಧರ್ಮಪ್ರಚಾರವೂ ಹೌದು, ಸಂಸ್ಥೆಯ ಉಳಿವಿನ ದಾರಿಯೂ ಹೌದು. ಎರಡನೆಯ ಮಹಾಯುದ್ಧದ ನಂತರ ನಗರಗಳ ಅಂಚಿನಲ್ಲಿ ಬಡಾವಣೆಗಳು ಎದ್ದವು. ಹುಟ್ಟೂರಿನ ಚರ್ಚು ಬಿಟ್ಟು ಬಂದ ಕುಟುಂಬಗಳು ಪರಿಚಯವಿಲ್ಲದ ಬೀದಿಗಳಲ್ಲಿ ನೆಲೆಸಿದವು. ಇಂದು ‘ಚರ್ಚ್ ಮಾರ್ಕೆಟಿಂಗ್’ ಎನ್ನುವ ಉದ್ಯೋಗದ ಬಹುಪಾಲು ಬೇರುಗಳು ಆ ಬಡಾವಣೆಗಳಲ್ಲಿವೆ.

ರಾಬರ್ಟ್ ಷುಲ್ಲರ್ 1955ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ಗೆ ಬಂದಾಗ ಅವರ ರಿಫಾರ್ಮ್ಡ್ ಚರ್ಚು ಕೊಟ್ಟಿದ್ದ ಬಂಡವಾಳ 500 ಡಾಲರ್. ಬಾಡಿಗೆಗೆ ಒಳ್ಳೆಯ ಸಭಾಂಗಣ ಸಿಗಲಿಲ್ಲ. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರವೊಂದನ್ನು ಹಿಡಿದು, ಅದರ ತಿಂಡಿ ಅಂಗಡಿಯ ಚಾವಣಿಯ ಮೇಲೆ ನಿಂತು ಅವರು ಉಪದೇಶ ಮಾಡಿದರು. ಕಾರಿನ ಪಕ್ಕದ ಸ್ಪೀಕರಿನಲ್ಲಿ ಜನ ಕೇಳಿಸಿಕೊಂಡರು. ಮೇಲ್ನೋಟಕ್ಕೆ ಇದು ಗಿಮಿಕ್ಕಿನಂತೆ ಕಾಣುತ್ತದೆ. ಆದರೆ ನಡೆಯಲಾರದವರು, ಅಳುವ ಕೂಸಿನ ತಾಯಂದಿರು, ಭಾನುವಾರದ ಬಟ್ಟೆ ಇಲ್ಲದವರು, ಯಾರ ಕಣ್ಣಿಗೂ ಬೀಳದೆ ಒಮ್ಮೆ ನೋಡಿ ಹೋಗಬೇಕೆಂದವರು, ಇವರಿಗೆಲ್ಲ ಅದು ನಿಜವಾದ ಅನುಕೂಲವಾಗಿತ್ತು. ರಿಚರ್ಡ್ ನ್ಯೂಟ್ರಾ ವಿನ್ಯಾಸದ ಕಟ್ಟಡ 1961ರಲ್ಲಿ ಸಿದ್ಧವಾದಾಗಲೂ ಕಾರಿನವರನ್ನು ಕೈಬಿಡಲಿಲ್ಲ. ಒಳಗೆ ಕುಳಿತವರಿಗೂ ಹೊರಗೆ ಕಾರಿನಲ್ಲಿದ್ದವರಿಗೂ ಒಂದೇ ಆರಾಧನೆ ನಡೆಯಿತು. ಮನೆ ಮನೆಯ ಬಾಗಿಲು ತಟ್ಟಿ, ಚರ್ಚಿಗೆ ಹೋಗದವರಿಗೆ ಏನು ಬೇಕೆಂದು ಕೇಳುವ ರೂಢಿಯನ್ನೂ ಷುಲ್ಲರ್ ಬೆಳೆಸಿದರು. ಮುಂದಿನ ತಲೆಮಾರು ಕಲಿತದ್ದು ಮುಖ್ಯವಾಗಿ ಇದನ್ನೇ.

ಬಿಲ್ ಹೈಬೆಲ್ಸ್ ಮತ್ತು ಗೆಳೆಯರು ಷಿಕಾಗೋ ಹೊರವಲಯದ ಮನೆಗಳಲ್ಲಿ ಇದನ್ನೇ ಕೇಳಿದರು: ಚರ್ಚಿಗೆ ಹೋಗುತ್ತೀರಾ, ಇಲ್ಲವಾದರೆ ಏಕೆ? ಸದಾ ದುಡ್ಡು ಕೇಳುತ್ತಾರೆ, ಬೇಸರ ಹಿಡಿಸುತ್ತಾರೆ, ನಮ್ಮ ಬದುಕಿಗೆ ಸಂಬಂಧವಿಲ್ಲದ್ದನ್ನು ಹೇಳುತ್ತಾರೆ ಎಂಬ ಉತ್ತರಗಳು ಮತ್ತೆ ಮತ್ತೆ ಬಂದವು. ಅವರು 1975ರಲ್ಲಿ ಒಂದು ಚಿತ್ರಮಂದಿರದಲ್ಲಿ ಆರಂಭಿಸಿದ ವಿಲ್ಲೋ ಕ್ರೀಕ್ ಚರ್ಚು ಈ ಉತ್ತರಗಳ ಮೇಲೆಯೇ ನಿಂತಿತು. ವಾರಾಂತ್ಯದ ಸಭೆ ಹುಡುಕಿಕೊಂಡು ಬರುವವರಿಗೆ, ವಾರದ ನಡುವಿನ ಆರಾಧನೆ ವಿಶ್ವಾಸಿಗಳಿಗೆ. ವಾರಾಂತ್ಯದಲ್ಲಿ ಕಿರುನಾಟಕ, ಅಂದಿನ ಕಾಲದ ಸಂಗೀತ, ದಿನಬಳಕೆಯ ಮಾತು. ಸಭಾಂಗಣದಲ್ಲಿ ಶಿಲುಬೆಯೂ ಇರಲಿಲ್ಲ. ರಿಕ್ ವಾರೆನ್ 1980ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಡಲ್‌ಬ್ಯಾಕ್ ಚರ್ಚನ್ನು ಆರಂಭಿಸಿದಾಗ, ಅವರ ಪುಟ್ಟ ಗುಂಪು 15,000 ಮನೆಗಳಿಗೆ ಕೈಯಾರೆ ವಿಳಾಸ ಬರೆದು ಪತ್ರ ಕಳಿಸಿತು. ಚರ್ಚಿನ ವಿಷಯದಲ್ಲಿ ಬೇಸತ್ತವರಿಗೆಂದೇ ಬರೆದ ಪತ್ರ ಅದು. ಆ ವರ್ಷದ ಈಸ್ಟರ್ ದಿನದ ಮೊದಲ ಸಾರ್ವಜನಿಕ ಆರಾಧನೆಗೆ ಬಂದವರು 205 ಮಂದಿ. ಅಷ್ಟು ಪತ್ರಗಳಿಗೆ ಇಷ್ಟು ಜನ ಎಂಬ ಲೆಕ್ಕ ಜಾಹೀರಾತಿನ ಮಿತಿಯನ್ನೂ ಶಕ್ತಿಯನ್ನೂ ಒಟ್ಟಿಗೇ ತೋರಿಸುತ್ತದೆ. ತಮ್ಮ ಬಡಾವಣೆಯ ಸರಾಸರಿ ಮನುಷ್ಯನನ್ನು ವಾರೆನ್ ‘ಸ್ಯಾಡಲ್‌ಬ್ಯಾಕ್ ಸ್ಯಾಮ್’ ಎಂದು ಕರೆದರು: ಓದಿದವನು, ಒಳ್ಳೆಯ ಉದ್ಯೋಗದಲ್ಲಿರುವವನು, ಕೈತುಂಬ ಕೆಲಸ, ಅಷ್ಟೇ ಸಾಲ. ಹಾಡಿನ ಬಗೆಯಿಂದ ಉಡುಪಿನ ರೀತಿಯವರೆಗೆ ಅನೇಕ ನಿರ್ಧಾರಗಳು ಈ ಸ್ಯಾಮ್‌ನನ್ನು ಕಣ್ಣೆದುರಿಟ್ಟುಕೊಂಡೇ ಆದವು.

ಈ ಯೋಚನೆಯ ಹಿಂದೆ ಭಾರತವಿದೆ. ಚರ್ಚಿನ ಬೆಳವಣಿಗೆಯನ್ನು ಅಧ್ಯಯನದ ವಿಷಯವನ್ನಾಗಿ ಮಾಡಿದ ಡೊನಾಲ್ಡ್ ಮೆಕ್‌ಗಾವ್ರನ್ ಹುಟ್ಟಿದ್ದು 1897ರಲ್ಲಿ, ಇಂದಿನ ಮಧ್ಯಪ್ರದೇಶದ ದಮೋಹದಲ್ಲಿ. ಕೆಲವು ಕಡೆ ಸಭೆ ಬೆಳೆದು ಕೆಲವು ಕಡೆ ನಿಂತಲ್ಲೇ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ ಮೆಥಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ 1933ರಲ್ಲಿ ಪ್ರಕಟಿಸಿದ ಅಧ್ಯಯನ ಅವರಿಗೆ ದಾರಿ ತೋರಿತು. ಜನ ಒಬ್ಬೊಬ್ಬರಾಗಿ ಅಲ್ಲ, ನೆಂಟರಿಷ್ಟರ ಸಂಬಂಧದ ಎಳೆ ಹಿಡಿದು ಬರುತ್ತಾರೆ. ತಮ್ಮ ಕುಲ, ಭಾಷೆ, ವರ್ಗದ ಗಡಿ ದಾಟಬೇಕಾಗಿಲ್ಲದಿದ್ದರೆ ಸುಲಭವಾಗಿ ಬರುತ್ತಾರೆ ಎಂದು 1955ರ ‘ದಿ ಬ್ರಿಡ್ಜಸ್ ಆಫ್ ಗಾಡ್’ ಪುಸ್ತಕದಿಂದ ಮೊದಲುಗೊಂಡು ಅವರು ವಾದಿಸಿದರು. ಜಾತಿಯ ಸಮಾಜದಲ್ಲಿ ಕಂಡುಕೊಂಡ ಈ ತತ್ತ್ವ 1965ರ ನಂತರ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯ ಮೂಲಕ ಅಮೆರಿಕದ ಬಿಳಿಯರ ಬಡಾವಣೆಗಳನ್ನು ತಲುಪಿತು.

ಮೆಕ್‌ಗಾವ್ರನ್ ಅವರ ವೀಕ್ಷಣೆಯ ಮೊದಲ ಭಾಗ ಇಂದಿಗೂ ಗಟ್ಟಿ. ಹೊಸಬರಲ್ಲಿ ಹೆಚ್ಚಿನವರು ಚರ್ಚಿಗೆ ಬರುವುದು ಗೆಳೆಯರೋ ನೆಂಟರೋ ಕರೆದದ್ದರಿಂದ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಡಯಾಸಿಸಿನಲ್ಲಿ ಶುರುವಾದ ‘ಬ್ಯಾಕ್ ಟು ಚರ್ಚ್ ಸಂಡೇ’ ಇದನ್ನೇ ನೆಚ್ಚಿತ್ತು: ಸದಸ್ಯರು ತಮಗೆ ಗೊತ್ತಿರುವ ಒಬ್ಬರನ್ನು ಆ ಭಾನುವಾರ ಕರೆತರಬೇಕು, ಅಷ್ಟೆ. ಎರಡನೆಯ ಭಾಗ ಮಾತ್ರ ಅಪಾಯದ್ದು. ಒಂದೇ ಬಗೆಯ ಜನರ ಸಭೆ ಬೇಗ ಬೆಳೆಯುತ್ತದೆ ಎಂಬುದು ಕಂಡ ಸಂಗತಿ. ಹಾಗೆಯೇ ಬೆಳೆಸಬೇಕು ಎಂದಾಗ ಅದು ನೀತಿಯ ಪ್ರಶ್ನೆಯಾಗುತ್ತದೆ. ಲ್ಯಾಟಿನ್ ಅಮೆರಿಕದ ದೇವಶಾಸ್ತ್ರಜ್ಞ ರೆನೆ ಪಡಿಲ್ಲಾ ಇದನ್ನು ಖಂಡಿಸಿದರು. 1977ರಲ್ಲಿ ಪ್ಯಾಸಡೀನದಲ್ಲಿ ಇದಕ್ಕಾಗಿಯೇ ಒಂದು ಸಮಾಲೋಚನೆ ನಡೆಯಿತು. ದಲಿತ ಕ್ರೈಸ್ತರನ್ನು ಬೇರೆ ಕೂರಿಸಿ, ಬೇರೆ ಸ್ಮಶಾನ ತೋರಿಸಿದ ಚರ್ಚುಗಳ ಇತಿಹಾಸ ಇರುವ ಭಾರತದಲ್ಲಿ ಈ ತತ್ತ್ವವನ್ನು ಬರೀ ತಂತ್ರವೆಂದು ಒಪ್ಪಿಕೊಳ್ಳಲಾಗದು. ಸ್ಯಾಮ್‌ಗಾಗಿ ಅಣಿಗೊಳಿಸಿದ ಸಭಾಂಗಣದಲ್ಲಿ ಸ್ಯಾಮ್‌ನ ಮನೆ ಕೆಲಸದ ಹೆಂಗಸಿಗೆ ಜಾಗ ಎಲ್ಲಿ ಎಂದು ಕೇಳಲೇಬೇಕು.

ಅಮೆರಿಕದ ಪ್ರಾಟೆಸ್ಟೆಂಟ್ ಪಂಗಡವಾದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 2004ರ ಕೊನೆಯಲ್ಲಿ ಈ ಪ್ರಶ್ನೆಯನ್ನೇ ಟಿವಿ ಜಾಹೀರಾತು ಮಾಡಿತು. ಚರ್ಚಿನ ಮುಂದೆ ಹಗ್ಗ ಕಟ್ಟಿ ನಿಂತ ಇಬ್ಬರು ದಾಂಡಿಗರು ಕೆಲವರನ್ನು ಒಳಗೆ ಬಿಟ್ಟು, ಕೆಲವರನ್ನು ಹಿಂದಕ್ಕೆ ಕಳಿಸುತ್ತಾರೆ. ಎನ್‌ಬಿಸಿ, ಸಿಬಿಎಸ್ ಜಾಲಗಳು ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಆ ನಿರಾಕರಣೆ ಸುದ್ದಿಯಾಗಿ ಜಾಹೀರಾತು ಇನ್ನಷ್ಟು ಜನರನ್ನು ಮುಟ್ಟಿತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಟಿವಿಯಲ್ಲಿ ಸಾರಿದ ಮೇಲೆ ಪ್ರತಿ ಊರಿನ ಚರ್ಚಿನ ಬಾಗಿಲು ನಿಜಕ್ಕೂ ತೆರೆದಿರಬೇಕು.

ಹೊಸಬರ ಅನುಭವ ಆರಾಧನೆಗೆ ಮುಂಚೆಯೇ ಶುರುವಾಗುತ್ತದೆ. ಹೊರಗಿನ ಫಲಕದಲ್ಲಿ ಸಮಯ ಸರಿಯಾಗಿದೆಯೇ, ಗಾಡಿ ಎಲ್ಲಿ ನಿಲ್ಲಿಸಬೇಕು, ಎಷ್ಟೋ ಬಾಗಿಲುಗಳಲ್ಲಿ ಯಾವುದರಿಂದ ಒಳಗೆ ಹೋಗಬೇಕು, ಮಗುವನ್ನು ಎಲ್ಲಿ ಬಿಡಬೇಕು, ಶೌಚಾಲಯ ಎಲ್ಲಿದೆ, ಚಪ್ಪಲಿ ಬಿಡಬೇಕೇ ಬೇಡವೇ. ಹಳಬರಿಗೆ ಇವು ಪ್ರಶ್ನೆಗಳೇ ಅಲ್ಲ, ಆದ್ದರಿಂದಲೇ ಉತ್ತರ ಎಲ್ಲೂ ಬರೆದಿರುವುದಿಲ್ಲ. ಸ್ಯಾಡಲ್‌ಬ್ಯಾಕ್‌ನಲ್ಲಿ ಹತ್ತಿರದ ಪಾರ್ಕಿಂಗ್ ಜಾಗವನ್ನು ಹೊಸಬರಿಗೆ ಬಿಟ್ಟು ಸಿಬ್ಬಂದಿ ದೂರ ನಿಲ್ಲಿಸುತ್ತಿದ್ದರು. ಕಾಣಿಕೆ ತಟ್ಟೆ ಬರುವ ಮೊದಲು, ಅತಿಥಿಗಳು ಕೊಡಬೇಕಾಗಿಲ್ಲ ಎಂದು ವೇದಿಕೆಯಿಂದಲೇ ಹೇಳುತ್ತಿದ್ದರು. ಮೊದಲ ಸಲ ಬಂದವರನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟುವ ರೂಢಿ ಸದುದ್ದೇಶದ್ದೇ, ಆದರೆ ನಾಚಿಕೆ ಸ್ವಭಾವದವರಿಗೆ ಹಿಂಸೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದನ್ನು ನಡೆಸುವವರು ಬಾಯಿಬಿಟ್ಟು ಹೇಳಬೇಕು. ಪ್ರಭುಭೋಜನದ ಹೊತ್ತಿಗೆ ಯಾರು ಮುಂದೆ ಹೋಗಬಹುದು, ಉಳಿದವರು ಏನು ಮಾಡಬಹುದು ಎಂಬುದನ್ನಂತೂ ಹೇಳಲೇಬೇಕು. ಹೊಸಬರು ಅತಿ ಹೆಚ್ಚು ಒಂಟಿಯಾಗುವುದು ಆರಾಧನೆ ಮುಗಿದ ಮೊದಲ ಐದು ನಿಮಿಷದಲ್ಲಿ. ಬಾಗಿಲಲ್ಲಿ ಕೈಕುಲುಕಿದ ಸ್ವಯಂಸೇವಕರು ಆಗ ತಮ್ಮ ಗೆಳೆಯರ ಗುಂಪಿನಲ್ಲಿರುತ್ತಾರೆ. ಕಾಫಿ ಲೋಟ ಹಿಡಿದು ನಿಂತ ಅಪರಿಚಿತನ ಬಳಿಗೆ ಯಾವ ಹುದ್ದೆಯೂ ಇಲ್ಲದ ಸದಸ್ಯರೊಬ್ಬರು ತಾವಾಗಿ ಬಂದು ಮಾತಾಡಿಸುವುದು ಯಾವ ಸ್ವಾಗತ ಸಮಿತಿಗಿಂತಲೂ ದೊಡ್ಡದು.

ಬಂದವರು ಉಳಿಯುವುದು ಬೇರೆಯೇ ವಿಷಯ. ಕೆಲವು ತಿಂಗಳೊಳಗೆ ಒಂದಿಬ್ಬರು ಗೆಳೆಯರು, ಒಂದು ಸಣ್ಣ ಕೆಲಸ ಸಿಗದವರು ಸದ್ದಿಲ್ಲದೆ ದೂರವಾಗುತ್ತಾರೆ. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ 1977ರಲ್ಲಿ ಹುಟ್ಟಿ, 1990ರಿಂದ ನಿಕಿ ಗಂಬೆಲ್ ಮುನ್ನಡೆಸಿದ, ಕ್ರೈಸ್ತ ವಿಶ್ವಾಸವನ್ನು ಪರಿಚಯಿಸುವ ಆಲ್ಫಾ ತರಗತಿಗಳ ಕ್ರಮ ಇಲ್ಲಿ ಗಮನಿಸತಕ್ಕದ್ದು: ಮೊದಲು ಊಟ, ಆಮೇಲೆ ಉಪನ್ಯಾಸ, ಕೊನೆಗೆ ಸಣ್ಣ ಗುಂಪಿನಲ್ಲಿ ಮಾತು. ನಂಬದವರೂ ತಮ್ಮ ಸಂದೇಹವನ್ನು ಅಲ್ಲಿ ಹೇಳಬಹುದು. ವಾರ ವಾರವೂ ಅದೇ ಮೇಜಿಗೆ ಮರಳುವುದರಿಂದ ಪರಿಚಯ ಸ್ನೇಹವಾಗಲು ಸಮಯ ಸಿಗುತ್ತದೆ.

ತಲೆ ಎಣಿಕೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನು ಒಪ್ಪಿಕೊಂಡದ್ದು ವಿಲ್ಲೋ ಕ್ರೀಕೇ. 2007ರಲ್ಲಿ ಅದು ಪ್ರಕಟಿಸಿದ ‘ರಿವೀಲ್’ ಅಧ್ಯಯನದ ಪ್ರಕಾರ, ಕಾರ್ಯಕ್ರಮಗಳಲ್ಲಿ ಹೆಚ್ಚು ಭಾಗವಹಿಸಿದ ಮಾತ್ರಕ್ಕೆ ವಿಶ್ವಾಸ ಬೆಳೆಯುವುದಿಲ್ಲ. ಷುಲ್ಲರ್ 1980ರಲ್ಲಿ ಕಟ್ಟಿಸಿದ, ಹತ್ತು ಸಾವಿರಕ್ಕೂ ಹೆಚ್ಚು ಗಾಜುಗಳ ಕ್ರಿಸ್ಟಲ್ ಕ್ಯಾಥೀಡ್ರಲ್ 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ಆರೆಂಜ್ ಕ್ಯಾಥೊಲಿಕ್ ಡಯಾಸಿಸ್ ಅದನ್ನು 5.75 ಕೋಟಿ ಡಾಲರಿಗೆ ಕೊಂಡಿತು. ಬಡಾವಣೆಯ ಜನ ಬದಲಾಗಿದ್ದರು; ಇಂದು ಅಲ್ಲಿ ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್, ವಿಯೆಟ್ನಾಮೀ ಭಾಷೆಗಳಲ್ಲೂ ಬಲಿಪೂಜೆ ನಡೆಯುತ್ತದೆ.

ಕರ್ನಾಟಕದಲ್ಲಿ ಸ್ವಾಗತದ ಮೊದಲ ಪ್ರಶ್ನೆಯೂ ಭಾಷೆಯೇ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಬದಲು ಜನಭಾಷೆಯ ಪೂಜೆ ಬಂದಾಗ, ಬೆಂಗಳೂರಿನಲ್ಲಿ ಯಾವ ಜನಭಾಷೆ ಎಂಬುದು ಕನ್ನಡ ಕ್ರೈಸ್ತರ ದೀರ್ಘ ಹೋರಾಟವಾಯಿತು. ಕಾರ್ಪೊರೇಷನ್ ವೃತ್ತದ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚಿನಲ್ಲಿ ಕನ್ನಡವೇ ಆರಾಧನೆಯ ಭಾಷೆ. ವಿವೇಕನಗರದ ಬಾಲಯೇಸು ದೇವಾಲಯದ ಗುರುವಾರದ ನವೇನಾ ಪ್ರಾರ್ಥನೆಗೂ, ಶಿವಾಜಿನಗರದ ಸಂತ ಮರಿಯಮ್ಮನವರ ಸೆಪ್ಟೆಂಬರ್ ಹಬ್ಬಕ್ಕೂ ಎಲ್ಲ ಧರ್ಮದವರು ಬರುತ್ತಾರೆ. ಅವರಿಗೆ ಯಾರೂ ಹೆಸರು, ಜಾತಿ ಕೇಳುವುದಿಲ್ಲ, ಕರಪತ್ರವೂ ಬೇಕಾಗಿಲ್ಲ. ಬೀದರ್, ಕಲಬುರಗಿ ಕಡೆಯಿಂದ ದುಡಿಯಲು ಬಂದ ಮೆಥಡಿಸ್ಟ್ ಕುಟುಂಬದ ಅಗತ್ಯ ಬೇರೆ. ಅದಕ್ಕೆ ಬೇಕಾದದ್ದು ಕನ್ನಡ ಆರಾಧನೆಯ ಹೊತ್ತನ್ನು ಕನ್ನಡದಲ್ಲೇ ಬರೆದ ಒಂದು ಫಲಕ, ಬಸ್ಸಿಗೆ ಹೊಂದುವ ಸಮಯ, ಊರಿನ ಸಭೆಯಿಂದ ತಂದ ಪತ್ರವನ್ನು ಓದಿ ಮುಂದಿನ ವಾರ ಮನೆಗೆ ಬಂದು ಹೋಗುವ ಒಬ್ಬ ಸಭಾಪಾಲಕ.