ಗಡಿ ದಾಟಿದ ನರ್ಸಿಗೆ ಮತ್ತೆ ಪರೀಕ್ಷೆಯೆ?



ಮೈಸೂರಿನಲ್ಲಿ ನರ್ಸಿಂಗ್ ಓದಿದ ನಿಮ್ಮ ಮಗಳು ಮದುವೆಯಾಗಿ ಕೇರಳಕ್ಕೆ ಹೋದಳೆನ್ನಿ. ಮತ್ತೆ ಪರೀಕ್ಷೆ ಬರೆಯಬೇಕೆಂದು ಹೆದರಿ ಆಕೆ ಮನೆಯಲ್ಲಿ ಕೂರಬಾರದು. ಸಾಲ ಮಾಡಿ ಕಲಿಸಿದ ವಿದ್ಯೆ ಬಾವಲಿ ಗಡಿ ದಾಟಿದೊಡನೆ ಅಳಿಯುವುದಿಲ್ಲ. ಮಾನ್ಯತೆಯುಳ್ಳ ಶಿಕ್ಷಣವು ಯಾವ ರಾಜ್ಯದ ನೋಂದಣಿಗೂ ಸಾಕೆಂದು 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯೇ ವಿಧಿಸಿತು. ಅಮೆರಿಕಕ್ಕೆ ಹೋಗುವವರಿಗೆ ಬೇರೆ ಪರೀಕ್ಷೆ ಉಂಟು. ನಮ್ಮ ದೇಶದೊಳಗೆ ಅದಿಲ್ಲ.

ಆದರೆ ನೋಂದಣಿ ತಪ್ಪದು. ಮೊದಲು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಿಂದ ನಿರಾಕ್ಷೇಪಣಾ ಪತ್ರ ಪಡೆಯಿರಿ. ಆಮೇಲೆ ಹೋದ ರಾಜ್ಯದ ಕೌನ್ಸಿಲಿನಲ್ಲಿ ಹೆಸರು ಬರೆಸಿರಿ. ಅದಾದ ಮೇಲೆಯೇ ಕೆಲಸಕ್ಕೆ ಸೇರುವುದು ಕ್ರಮ. ಅಂಕಪಟ್ಟಿ, ನೋಂದಣಿ ಪತ್ರಗಳ ಮೂಲಪ್ರತಿಗಳನ್ನು ಮಗಳೊಡನೆ ಜೋಪಾನವಾಗಿ ಕಳುಹಿಸಿರಿ. "ಪರೀಕ್ಷೆ ಪಾಸು ಮಾಡಿಸುತ್ತೇನೆ" ಎನ್ನುವ ದಲ್ಲಾಳಿಗೆ ಒಂದು ಕಾಸೂ ಕೊಡಬೇಡಿರಿ.