ಸೇತುವೆಯಿಲ್ಲದ ಹೊಳೆ

(ಆಕಾಶವಾಣಿಯ ಕೃಪೆ)

ಮೋಕ್ಷವೆಂಬ ಮಾತು ನಮಗೆ ಬಹಳ ಹಳೆಯದು, ಬಹಳ ಹತ್ತಿರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಬಲನ್ನು ಕನ್ನಡಿಸಲು ಕುಳಿತ ಮಿಷನರಿಗಳ ಮುಂದೆಯೂ ಅದು ಸಿದ್ಧವಾಗಿಯೇ ಇತ್ತು. ಆದರೂ ಪ್ರಾಟೆಸ್ಟಂಟರ ಕನ್ನಡ ಬೈಬಲಿನಲ್ಲಿ ಬೇರುಬಿಟ್ಟ ಮಾತು ‘ರಕ್ಷಣೆ’. ಹಾಗೆಯೇ ‘ಸ್ವರ್ಗ’ಕ್ಕಿಂತ ‘ಪರಲೋಕ’ ಅಲ್ಲಿ ಮೇಲಾಯಿತು. ಇದು ಕೇವಲ ಪದಗಳ ಆಯ್ಕೆಯಲ್ಲ. ಮೋಕ್ಷವೆಂದರೆ ಬಿಡುಗಡೆ, ಕಟ್ಟು ಕಳಚಿದರೆ ಆಯಿತು, ಕಳಚಿಕೊಂಡವನು ಒಬ್ಬನೇ ಇದ್ದರೂ ಆ ಮಾತಿಗೆ ಕೊರತೆಯಿಲ್ಲ. ರಕ್ಷಣೆಗೆ ಇಬ್ಬರು ಬೇಕು: ಮುಳುಗುತ್ತಿರುವವನೊಬ್ಬ, ಕೈಹಿಡಿದು ಎತ್ತುವವನೊಬ್ಬ. ಇನ್ನು ನಮ್ಮ ಪುರಾಣಗಳ ಸ್ವರ್ಗವೋ, ಪುಣ್ಯದ ಗಂಟು ಕರಗುವ ತನಕ ಇದ್ದು ಮರಳಿ ಬರಬೇಕಾದ ಸ್ಥಳ; ಒಳ್ಳೆಯ ಛತ್ರ, ಮನೆಯಲ್ಲ. ಕ್ರೈಸ್ತನ ಆಸೆ ಇರುವುದು ಮನೆಯ ಮೇಲೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಶಿಷ್ಯರಿಗೆ ಹೇಳಿದ್ದು ತಂದೆಯ ಮನೆಯ ಮಾತನ್ನು, ಅಲ್ಲಿ ತಾನು ಮುಂದಾಗಿ ಹೋಗಿ ಅವರಿಗೆ ಸ್ಥಳ ಸಿದ್ಧಮಾಡುವ ಮಾತನ್ನು. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅಬ್ರಹಾಮನಂಥ ಹಿರಿಯರೆಲ್ಲ ಗುಡಾರಗಳಲ್ಲಿ ವಾಸಿಸಿದ ಪರದೇಶಿಗಳು. ಅವರ ಕಣ್ಣು ದೇವರೇ ಕಟ್ಟಿದ ಇನ್ನೊಂದು ಪಟ್ಟಣದ ಮೇಲೆ. ಈ ಲೋಕ ತಂಗುದಾಣ, ಊರು ಬೇರೆ ಎಂಬ ಭಾವ ನಮ್ಮ ದಾಸರ ಪದಗಳನ್ನು ಕೇಳಿ ಬೆಳೆದ ಕಿವಿಗೆ ಹೊಸದಲ್ಲ.

ಆ ಹನ್ನೊಂದನೆಯ ಅಧ್ಯಾಯದಿಂದ ಒಂದು ಇಡೀ ಕಥೆಯನ್ನೇ ಬೆಳೆಸಿದವನು ಇಂಗ್ಲೆಂಡಿನ ಜಾನ್ ಬನ್ಯನ್. ಅವನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದಿತು. ಕನ್ನಡ ಗದ್ಯ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ನಮ್ಮ ಸಾಹಿತ್ಯ ಚರಿತ್ರೆಗಳು ಈ ಪುಸ್ತಕವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಯೆನಿಸಿಲ್ಲ. ಆದರೆ ಇಂದಿನ ಮಾತು ಅದಲ್ಲ.

ಬನ್ಯನ್ ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡಿನ ಹತ್ತಿರದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ. ಊರೂರು ತಿರುಗಿ ಪಾತ್ರೆಗಳ ತೂತು ಮುಚ್ಚುವುದು ತಂದೆಯ ಕಸುಬು, ಮಗನದೂ ಅದೇ. ವಿಶ್ವವಿದ್ಯಾಲಯದ ಮುಖ ಕಂಡವನಲ್ಲ. ರಾಜನ ಚರ್ಚಿನ ಅಪ್ಪಣೆಯಿಲ್ಲದೆ ಧರ್ಮಬೋಧನೆ ಮಾಡಿದನೆಂದು 1660ರಲ್ಲಿ ಅವನನ್ನು ಸೆರೆಹಿಡಿದರು. ಇನ್ನು ಬೋಧಿಸುವುದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬಾಗಿಲು ತೆರೆಯುತ್ತಿತ್ತು. ಕೊಡಲಿಲ್ಲ, ಸೆರೆ 1672ರವರೆಗೆ, ಹನ್ನೆರಡು ವರ್ಷ ನಡೆಯಿತು. ಮನೆಯಲ್ಲಿ ಮೊದಲ ಹೆಂಡತಿಯ ನಾಲ್ಕು ಮಕ್ಕಳು, ಅವರಲ್ಲಿ ಹಿರಿಯ ಹುಡುಗಿ ಮೇರಿ ಹುಟ್ಟುಕುರುಡಿ. ಎರಡನೆಯ ಹೆಂಡತಿ ಎಲಿಜಬೆತ್ ಇನ್ನೂ ಎಳೆಯ ವಯಸ್ಸಿನವಳು. ಆಕೆ 1661ರಲ್ಲಿ ನ್ಯಾಯಾಧೀಶರ ಮುಂದೆ ನಿಂತು ಗಂಡನ ಪರವಾಗಿ ವಾದಿಸಿದಳು. ನಿನ್ನ ಗಂಡ ಬೋಧಿಸುವುದನ್ನು ಬಿಡುವನೆ ಎಂದು ಕೇಳಿದಾಗ, ಬಾಯಲ್ಲಿ ಮಾತಿರುವ ತನಕ ಬಿಡಲಾರನು ಎಂಬರ್ಥದ ಉತ್ತರ ಕೊಟ್ಟು ಬರಿಗೈಯಲ್ಲಿ ಹಿಂತಿರುಗಿದಳು. ಬನ್ಯನ್ ಸೆರೆಮನೆಯಲ್ಲಿ ಲೇಸುಗಳನ್ನು ಮಾಡಿ ಸಂಸಾರಕ್ಕೆ ನಾಲ್ಕು ಕಾಸು ಸಂಪಾದಿಸಿದ. ಕುರುಡು ಮಗಳ ನೆನಪು ತನ್ನನ್ನು ಹೇಗೆ ಸೀಳುತ್ತಿತ್ತೆಂಬುದನ್ನು 1666ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆ ಮಗಳು ಅವನಿಗಿಂತ ಮೊದಲೇ ತೀರಿಕೊಂಡಳು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ‘ಯಾತ್ರಿಕ’ದ ಮೊದಲ ಭಾಗ 1678ರಲ್ಲಿ ಅಚ್ಚಾಯಿತು. ಕಥೆ ತೊಡಗುವುದು ಹೀಗೆ: ಹರಕು ಬಟ್ಟೆಯ ಒಬ್ಬ ಮನುಷ್ಯ, ಕೈಯಲ್ಲೊಂದು ಪುಸ್ತಕ, ಬೆನ್ನ ಮೇಲೆ ಇಳಿಸಲಾಗದ ಹೊರೆ. ತಾನಿರುವ ನಾಶನಗರ ಬೆಂಕಿಗೆ ಆಹುತಿಯಾಗಲಿದೆಯೆಂದು ಅವನಿಗೆ ತಿಳಿದಿದೆ. ಹೆಂಡತಿ ಮಕ್ಕಳಿಗೆ ಹೇಳಿದರೆ ಅವರು ತಲೆಕೆಟ್ಟಿತೆಂದು ಹಾಸಿಗೆ ಹಾಸಿ ಮಲಗಿಸುತ್ತಾರೆ. ಕೊನೆಗೆ ಅವನು ಓಡುತ್ತಾನೆ. ಹಿಂದಿನಿಂದ ಮಡದಿ ಮಕ್ಕಳು ಕೂಗುತ್ತಾರೆ. ಅವನು ಕಿವಿಗಳಲ್ಲಿ ಬೆರಳಿಟ್ಟುಕೊಂಡು, ಜೀವ ಜೀವ ಎನ್ನುತ್ತ, ತಿರುಗಿ ನೋಡದೆ ಬಯಲಿನ ಕಡೆಗೆ ಓಡುತ್ತಾನೆ.

ಬಹಳ ಹಿಂದೆ ತರಗತಿಯಲ್ಲಿ ರೂಪಕಕಥೆಯ ಬಗ್ಗೆ ಪಾಠ ಮಾಡುತ್ತ ಈ ಭಾಗವನ್ನು ಹೇಳಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಮಕ್ಕಳ ಕೂಗಿಗೆ ಕಿವಿ ಮುಚ್ಚಿಕೊಂಡವನಿಗೆ ದೇವರು ಬಾಗಿಲು ಯಾಕೆ ತೆರೀಬೇಕು?” ಎಂದು ಕೇಳಿದಳು. ರೂಪಕವನ್ನು ಅಕ್ಷರಶಃ ಹಿಡಿಯಬಾರದಮ್ಮ ಎಂದು ಹೇಳಿ ಕೂರಿಸಿದೆ. ಅದು ಮೇಷ್ಟರ ಉತ್ತರ, ಜಾರಿಕೊಳ್ಳುವ ಉತ್ತರ. ನಡುರಾತ್ರಿ ಎದ್ದುಹೋದ ಸಿದ್ಧಾರ್ಥನ ಬಗ್ಗೆ, ಯಶೋಧರೆಯ ಪರವಾಗಿ, ಇದೇ ಪ್ರಶ್ನೆಯನ್ನು ನಮ್ಮ ಕವಿಗಳೂ ಕೇಳಿದ್ದಾರೆ.

ಬನ್ಯನ್ನನಿಗೂ ಈ ಪ್ರಶ್ನೆ ಮುಗಿದಿರಲಿಲ್ಲವೆಂದು ಈಗ ನನಗೆ ತೋರುತ್ತದೆ. ಯಾತ್ರಿಕನು ದಾರಿಯಲ್ಲಿ ಸುಂದರಭವನವೆಂಬ ಮನೆಯಲ್ಲಿ ತಂಗಿದಾಗ ಅಲ್ಲಿನ ಹೆಣ್ಣುಮಗಳೊಬ್ಬಳು ಅವನನ್ನು ಕೇಳುವ ಪ್ರಶ್ನೆಯೇ, ಹೆಂಡತಿ ಮಕ್ಕಳನ್ನು ಯಾಕೆ ಕರೆತರಲಿಲ್ಲ ಎಂದು. ಅವನು ಅಳುತ್ತಾನೆ. ಆರು ವರ್ಷದ ಮೇಲೆ, 1684ರಲ್ಲಿ, ಬನ್ಯನ್ ಎರಡನೆಯ ಭಾಗವನ್ನು ಬರೆದ. ಅದರಲ್ಲಿ ಹೆಂಡತಿ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಅದೇ ದಾರಿಯಲ್ಲಿ ಹೊರಡುತ್ತಾಳೆ. ಮೊದಲ ಭಾಗ ಒಂಟಿ ಮನುಷ್ಯನ ಓಟವಾದರೆ ಇದು ಸಂಸಾರದ ಪಯಣ: ಮಗುವಿಗೆ ಹೊಟ್ಟೆನೋವು ಬರುತ್ತದೆ, ಮದುವೆಗಳಾಗುತ್ತವೆ, ಮುದುಕರು, ಕುಂಟರು, ಅಂಜುಬುರುಕರು ಒಬ್ಬೊಬ್ಬರಾಗಿ ಕೂಡಿಕೊಳ್ಳುತ್ತಾರೆ. ಕಲೆಯ ಬಿಗಿ ಮೊದಲನೆಯದರಲ್ಲಿ ಹೆಚ್ಚು. ಆದರೂ ವಯಸ್ಸಾದಂತೆ ನಾನು ಮತ್ತೆ ಮತ್ತೆ ತೆರೆಯುವುದು ಎರಡನೆಯದನ್ನು.

ರಕ್ಷಣೆಯ ತಿರುಳು ಮಾತ್ರ ಮೊದಲ ಭಾಗದಲ್ಲಿ ಒಂದೇ ಗಳಿಗೆಯಲ್ಲಿ ನಡೆದುಹೋಗುತ್ತದೆ. ಹತಾಶೆಯ ಕೆಸರಿನಲ್ಲಿ ಬಿದ್ದೆದ್ದು, ಕಿರುಬಾಗಿಲನ್ನು ದಾಟಿ, ಯಾತ್ರಿಕನು ಏರಿನಲ್ಲಿ ನಿಂತ ಶಿಲುಬೆಯ ಬಳಿಗೆ ಬರುತ್ತಾನೆ. ಅವನು ಏನೂ ಮಾಡುವುದಿಲ್ಲ. ಹೊರೆ ತಾನಾಗಿ ಸಡಿಲಿ, ಬೆನ್ನಿನಿಂದ ಜಾರಿ, ಉರುಳುತ್ತ ಹೋಗಿ ಕೆಳಗಿದ್ದ ಸಮಾಧಿಯ ಬಾಯಲ್ಲಿ ಬಿದ್ದು ಕಣ್ಮರೆಯಾಗುತ್ತದೆ. ಪಾಪದ ಸಾಲವನ್ನು ಮನುಷ್ಯ ತನ್ನ ಪುಣ್ಯದಿಂದ ತೀರಿಸಲಾರ, ಕ್ರಿಸ್ತನು ಅದನ್ನು ತೀರಿಸಿದ್ದಾನೆ, ನಂಬಿ ಪಡೆಯುವುದಷ್ಟೇ ಉಳಿದಿದೆ ಎಂಬ ಇಡೀ ಸಿದ್ಧಾಂತ ಆ ಉರುಳುವ ಗಂಟಿನಲ್ಲಿದೆ. ಸೋಜಿಗವೆಂದರೆ ಇದು ಕಥೆಯ ಅಂತ್ಯವಲ್ಲ, ಆರಂಭಕ್ಕೆ ಹತ್ತಿರ. ಹೊರೆ ಇಳಿದ ಮೇಲೆಯೇ ಕಡಿದಾದ ಗುಡ್ಡ, ಮೃತ್ಯುಚ್ಛಾಯೆಯ ಕಣಿವೆ, ಜೊತೆಗಾರನನ್ನು ಸುಟ್ಟು ಕೊಲ್ಲುವ ಹುಸಿಯ ಸಂತೆ. ಸಂಶಯದ ಕೋಟೆಯಲ್ಲಿ ದಿನಗಟ್ಟಲೆ ಪೆಟ್ಟು ತಿಂದು ಸಾಯುವ ಯೋಚನೆಗೆ ಬಂದವನಿಗೆ, ಎಲ್ಲ ಬೀಗಗಳನ್ನೂ ತೆರೆಯುವ ‘ವಾಗ್ದಾನ’ವೆಂಬ ಬೀಗದಕೈ ತನ್ನ ಎದೆಯಲ್ಲೇ ಇದೆಯೆಂಬುದು ಕೊನೆಗೆ ನೆನಪಾಗುತ್ತದೆ.

ದಿವ್ಯನಗರದ ಮುಂದೆ ಒಂದು ಹೊಳೆ. ಸೇತುವೆಯಿಲ್ಲ. ನೀರು ಎಷ್ಟು ಆಳವೆಂದು ಕೇಳಿದರೆ, ಅಲ್ಲಿನ ಅರಸನನ್ನು ನೀವು ನಂಬಿದಷ್ಟಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಎಂಬ ಉತ್ತರ. ರಾಕ್ಷಸನೊಡನೆ ಕಾದಿ ಗೆದ್ದ ನಮ್ಮ ಯಾತ್ರಿಕ ಇಲ್ಲಿ ಮುಳುಗತೊಡಗುತ್ತಾನೆ. ಕಣ್ಣಿಗೆ ಕತ್ತಲು, ದಾರಿಯಲ್ಲಿ ಪಡೆದ ಸಮಾಧಾನಗಳೊಂದೂ ನೆನಪಿಗೆ ಬಾರದು, ಹಳೆಯ ಪಾಪಗಳು ಮಾತ್ರ ಬರುತ್ತವೆ. ಜೊತೆಗಿರುವ ಆಶಾವಂತನು ಅವನ ತಲೆಯನ್ನು ನೀರಿನ ಮೇಲೆ ಎತ್ತಿಹಿಡಿದು, ಬಾಗಿಲು ಕಾಣುತ್ತಿದೆ, ನಮಗಾಗಿ ಕಾದಿದ್ದಾರೆ ಎನ್ನುತ್ತಾನೆ. ಅವರು ಕಾದಿರುವುದು ನಿನಗೆ ಎಂದು ಇವನ ಉತ್ತರ. ಕೊನೆಯಲ್ಲಿ ಕಾಲಿಗೆ ನೆಲ ಸಿಗುತ್ತದೆ, ನಿಜ. ಆದರೆ ನಂಬಿಗೆಯ ಕಥಾನಾಯಕನನ್ನು ಕೊನೆಯ ಹತ್ತು ಮಾರಿನಲ್ಲಿ ಹೀಗೆ ನಡುಗಿಸಲು ಆ ಲೇಖಕನಿಗೆ ಎಂಥ ಪ್ರಾಮಾಣಿಕತೆ ಬೇಕಾಗಿತ್ತು!

ಇನ್ನೊಂದನ್ನು ಹೇಳದೆ ಬಿಟ್ಟರೆ ನನ್ನ ಪ್ರಾಮಾಣಿಕತೆಗೆ ಊನ. ಅದೇ ಹೊಳೆಯನ್ನು ಅಜ್ಞಾನಿಯೆಂಬ ಹುಡುಗನೊಬ್ಬ ಪೊಳ್ಳಾಸೆಯೆಂಬ ಅಂಬಿಗನ ದೋಣಿಯಲ್ಲಿ ಕುಳಿತು ಕಾಲು ನೆನೆಯದಂತೆ ದಾಟುತ್ತಾನೆ. ಅವನು ಕೆಟ್ಟವನಲ್ಲ, ಸಾಲ ತೀರಿಸಿದವನು, ಉಪವಾಸ ಮಾಡಿದವನು, ದಾನ ಕೊಟ್ಟವನು. ಬಾಗಿಲಲ್ಲಿ ಓಲೆ ಕೇಳುತ್ತಾರೆ, ಅವನ ಬಳಿ ಇಲ್ಲ. ಕೈಕಾಲು ಕಟ್ಟಿ ಅವನನ್ನು ಗುಡ್ಡದ ಪಕ್ಕದ ಬಾಗಿಲಿನಿಂದ ನರಕಕ್ಕೆ ತಳ್ಳುತ್ತಾರೆ. ಕೃಪೆಯಿಂದಲೇ ರಕ್ಷಣೆ ಎಂಬ ಸಿದ್ಧಾಂತದ ತರ್ಕ ಇಲ್ಲಿಗೇ ಬಂದು ಮುಟ್ಟಬೇಕೆಂದು ದೇವಶಾಸ್ತ್ರ ಬಲ್ಲವರು ಹೇಳಿಯಾರು. ನಾನು ಆ ಧರ್ಮದವನಲ್ಲ, ವಾದಕ್ಕೆ ಇಳಿಯಲಾರೆ. ಆದರೆ ಮನೆಯ ಹೊಸ್ತಿಲವರೆಗೆ ನಡೆದುಬಂದ ಹುಡುಗನನ್ನು ಹಾಗೆ ತಳ್ಳುವ ಪುಟವನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಒಪ್ಪಿಲ್ಲ.

ಎರಡನೆಯ ಭಾಗದ ಹೊಳೆ ಬೇರೆ ಬಗೆಯದು. ಅಲ್ಲಿ ಭಯಸ್ಥನೆಂಬ ಒಬ್ಬ ಯಾತ್ರಿಕನ ಕಥೆ ಬರುತ್ತದೆ. ಅವನು ಕೆಸರಿನ ಅಂಚಿನಲ್ಲಿಯೇ ತಿಂಗಳಿಗೂ ಹೆಚ್ಚು ಕಾಲ ನರಳುತ್ತ ಬಿದ್ದಿದ್ದವನು. ಆ ಕೆಸರನ್ನು ಮನಸ್ಸಿನೊಳಗೆ ಹೊತ್ತೇ ತಿರುಗಿದವನು. ಅವನು ಹೊಳೆಗೆ ಬಂದ ದಿನ ನೀರು ಹಿಂದೆಂದೂ ಕಾಣದಷ್ಟು ಇಳಿದಿತ್ತಂತೆ. ಪಾದ ನೆನೆಯುವಷ್ಟರಲ್ಲಿ ದಾಟಿದ. ನಂಬಿಗೆ ಇದ್ದಷ್ಟಕ್ಕೆ ಆಳ ಎಂಬ ಮೊದಲಿನ ನಿಯಮವನ್ನು ಬನ್ಯನ್ ಇಲ್ಲಿ ಮರೆತನೆ? ಮರೆಯಲಿಲ್ಲ, ಸಡಿಲಿಸಿದನೆಂದೇ ನನ್ನ ಎಣಿಕೆ. ನಡುವೆ ಆರು ವರ್ಷ ಕಳೆದಿದ್ದವು, ಅವನಿಗೂ ಐವತ್ತೈದು ದಾಟಿತ್ತು.

ಕೊನೆಯ ಪುಟಗಳಲ್ಲಿ ಒಬ್ಬೊಬ್ಬರಿಗಾಗಿ ಅರಸನಿಂದ ಓಲೆ ಬರುತ್ತದೆ. ಕುಂಟನು ತನ್ನ ಊರುಗೋಲುಗಳನ್ನು ದಡದಲ್ಲಿ ಬಿಟ್ಟು ಹೋಗುತ್ತಾನೆ. ವಿಷಣ್ಣನೆಂಬ ಮುದುಕ, ಅವನ ಮಗಳು ಅಂಜುಬುರುಕಿ. ಇಬ್ಬರೂ ಸಂಶಯದ ಕೋಟೆಯಿಂದ ಪಾರಾಗಿ ಬಂದವರು. ತಮ್ಮ ಭಯಗಳನ್ನು ತಮ್ಮ ಹಿಂದೆ ಯಾರೂ ಮನೆಯೊಳಗೆ ಬಿಟ್ಟುಕೊಳ್ಳಬಾರದೆಂಬುದೇ ಅವರು ಬರೆಸುವ ಉಯಿಲು. ಮುದುಕ ಹೊಳೆಗಿಳಿಯುತ್ತಾನೆ, ಮಗಳೂ ಇಳಿಯುತ್ತಾಳೆ. ಬಾಳೆಲ್ಲ ಅಂಜಿದ ಆ ಹುಡುಗಿ ನೀರಿನ ನಡುವೆ ಹಾಡತೊಡಗುತ್ತಾಳೆ. ದಡದ ಮೇಲಿದ್ದವರೆಲ್ಲ ಕಿವಿಗೊಟ್ಟು ಕೇಳಿದರು. ಆದರೆ ಆಕೆ ಏನು ಹಾಡುತ್ತಿದ್ದಳೆಂಬುದು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ.